ಬಿ.ಎಂ. ರಸ್ತೆಯ ಆಟೋ ಎಲೆಕ್ಟ್ರಿಷಿಯನ್ ಅಣ್ಣನಿಗೆ

ಸಕಲೇಶಪುರಕ್ಕೆ ಹೊರಟಿದ್ದ ಕಾರು ಹಾಸನದ ಬಿ.ಎಂ. ರಸ್ತೆಯಲ್ಲೇ ಕೈಕೊಟ್ಟಿತು. ಸೆಲ್ಫ್ ಮುಲುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಕತ್ತಲಾಗುತ್ತಿತ್ತು, ಹಿಂದಿನ ಸೀಟಿನಲ್ಲಿ ಅಮ್ಮ.

ಅಂಗಡಿ ಮುಚ್ಚುತ್ತಿದ್ದ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಬಂದರು. ಬ್ಯಾಟರಿಯಲ್ಲಿ 12.6 ವೋಲ್ಟ್. "ಇದು ಸುಮ್ನಿದ್ದಾಗಿನ ಲೆಕ್ಕ ಸಾರ್, ಈಗ ಸೆಲ್ಫ್ ಹೊಡೀರಿ." 10.8. ಆ ಹೊತ್ತಲ್ಲಿ 9.6ಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಟರಿ ಮೇಲೆ ಅನುಮಾನ ಬೇಡ. ಹೊಸದನ್ನು ಮಾರಬಹುದಿತ್ತು, ಮಾರಲಿಲ್ಲ.

ಆಮೇಲೆ ಮೀಟರಿನ ಒಂದು ಪ್ರೋಬ್ (ಅಳೆಯುವ ಕಡ್ಡಿ) ಬ್ಯಾಟರಿಯ ಮೈನಸ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಕಂಬಕ್ಕೇ), ಇನ್ನೊಂದು ಎಂಜಿನ್ ಬ್ಲಾಕಿಗೆ. ಮತ್ತೆ ಸೆಲ್ಫ್. ರೀಡಿಂಗ್ ಹೋಲ್ಡ್ ಮಾಡಿ ಕಿಟಕಿಗೇ ತಂದು ತೋರಿಸಿದರು: 1.4 ವೋಲ್ಟ್. ಇದೇ ವೋಲ್ಟೇಜ್ ಡ್ರಾಪ್, ಅಂದರೆ ಕರೆಂಟ್ ಹರಿಯುವ ದಾರಿಯಲ್ಲೇ ಪೋಲಾಗುವ ವೋಲ್ಟೇಜ್. ಅರ್ಧ ವೋಲ್ಟಿನೊಳಗಿರಬೇಕು, 0.2 ಇದ್ದರೆ ಇನ್ನೂ ಒಳ್ಳೆಯದು. ಮೈನಸ್ ಕಂಬದಿಂದ ಬ್ಲಾಕಿಗೆ ಹೋಗುವ ಅರ್ತ್ ಕೇಬಲ್ಲನ್ನು ಓಮ್‌ನಲ್ಲಿ ಅಳೆದಿದ್ದರೆ ಸೊನ್ನೆ ಬಂದು ಎಲ್ಲ ಸರಿ ಅನ್ನಿಸುತ್ತಿತ್ತು. ಮೀಟರ್ ಹರಿಸುವುದು ಮಿಲಿಆಂಪಿಯರ್ ಲೆಕ್ಕದಲ್ಲಿ, ಅದಕ್ಕೆ ಒಂದೆಳೆ ತಂತಿ ಸಾಕು. ಸ್ಟಾರ್ಟರ್ (ಸೆಲ್ಫ್ ಮೋಟರ್) ಎಳೆಯುವುದು ನೂರಕ್ಕೂ ಹೆಚ್ಚು ಆಂಪಿಯರ್, ಬರೀ 0.01 ಓಮ್ ತಡೆ ಇದ್ದರೂ 100 ಆಂಪಿಯರಿಗೆ 1 ವೋಲ್ಟ್ ಅಲ್ಲೇ ಖರ್ಚು.

ಮೊದಲು ಮೈನಸ್ ಬಿಚ್ಚಿದರು. ಬ್ಲಾಕಿನ ಬೋಲ್ಟಿನಡಿ ಹಸಿರು ಕಿಲುಬು. ಸ್ಯಾಂಡ್‌ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರು. ಗಾಡಿ ಸ್ಟಾರ್ಟ್ ಆದ ಮೇಲೂ ಬಿಡದೆ, ಇನ್ನೊಮ್ಮೆ ಸೆಲ್ಫ್ ಹೊಡೆಸಿ ಮತ್ತೆ ಅಳೆದರು: 0.15. ಕೊಟ್ಟ ದುಡ್ಡಲ್ಲಿ ಅರ್ಧ ವಾಪಸ್ ಕೊಟ್ಟು, ಅಮ್ಮನಿಗೆ ನೀರಿನ ಬಾಟಲಿ ತುಂಬಿಸಿಕೊಟ್ಟರು.

ಅಣ್ಣಾ, ಹೆಸರು ಕೇಳಲಿಲ್ಲ. ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಅರ್ತ್ ಕೇಬಲ್ ಹೊಸದು ಹಾಕಿಸಿದ್ದೇನೆ.