ಆನೆಗುಂದಿಗೆ ಬರುವ ಮುನ್ನ ಬ್ಯಾಗಿನಿಂದ ಏನು ತೆಗೆದಿಡಬೇಕು

ಗೆಳೆಯಾ,

ಡಿಸೆಂಬರಿನಲ್ಲಿ ಫೋಟೋ ತೆಗೆಯಲು ಬರುತ್ತೇನೆಂದು ಬರೆದು, ತರುವ ಸಾಮಾನಿನ ಪಟ್ಟಿಯನ್ನೂ ಕಳಿಸಿದ್ದೀಯ. ಅದರಲ್ಲಿ ಅರ್ಧದಷ್ಟು ಮನೆಯಲ್ಲೇ ಇರಲಿ. ಅಗಲ ನೋಟದ 16-35 ಎಂ.ಎಂ. ಲೆನ್ಸನ್ನು ಮೊದಲ ಸಾಲಿನಲ್ಲಿ ಬರೆದು, ದೂರದ್ದನ್ನು ಹತ್ತಿರ ತರುವ 70-200ರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದೀಯಲ್ಲ, ನಮ್ಮ ಗಂಗಾವತಿ ಸೀಮೆಗೆ ಅದು ತಿರುವುಮುರುವಾಗಬೇಕು.

ಆನೆಗುಂದಿ ಪಕ್ಕದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ದಕ್ಷಿಣಕ್ಕೆ ಮುಖ ಮಾಡಿದರೆ ಕೆಳಗೆ ಗದ್ದೆ, ಆಚೆ ತುಂಗಭದ್ರೆ, ಅದರಾಚೆ ಹಂಪಿಯ ಗುಡ್ಡಗಳು ಒಂದರ ಹಿಂದೊಂದು. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣುವ ಬಂಡೆಗಳು 16 ಎಂ.ಎಂ.ನಲ್ಲಿ ನುಚ್ಚಿನಂತಾಗಿಬಿಡುತ್ತವೆ, ಮೇಲೆ ಬರೀ ಆಕಾಶ ಉಳಿಯುತ್ತದೆ. ಅದೇ ಸಾಲುಗಳನ್ನು 100ರಿಂದ 150 ಎಂ.ಎಂ.ನಲ್ಲಿ ನೋಡು: ಒತ್ತೊತ್ತಾಗಿ ಬಂದು, ಒಂದೊಂದು ಸಾಲಿನ ನಡುವೆ ಮುಂಜಾನೆಯ ತೆಳು ಮಬ್ಬು ನಿಂತು, ಗುಡ್ಡ ಗುಡ್ಡವಾಗಿಯೇ ಕಾಣುತ್ತದೆ. ಅಗಲವೇ ಬೇಕೆಂದರೂ ಇದೇ ಲೆನ್ಸ್ ಸಾಕು. 70 ಎಂ.ಎಂ.ಗೆ ಇಟ್ಟು, ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ, ಪ್ರತಿ ಫ್ರೇಮಿನ ಮೂರನೇ ಒಂದು ಪಾಲು ಹಿಂದಿನದರ ಮೇಲೆ ಹಾಯುವಂತೆ ಏಳು ಫ್ರೇಮ್ ತೆಗೆ. ಜೋಡಿಸಿದಾಗ ಸುಮಾರು 97 ಡಿಗ್ರಿ ಅಗಲ ಸಿಗುತ್ತದೆ. ನಿನ್ನ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 16 ಎಂ.ಎಂ. ಕೊಡುವುದೂ ಅಷ್ಟೇ. ಆದರೆ ಬಂಡೆಯ ಬಿರುಕೂ ಉಳಿದಿರುತ್ತದೆ. ಏಳೂ ಫ್ರೇಮಿಗೆ ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕು. ಒಂದನ್ನು ಆಟೋದಲ್ಲಿ ಬಿಟ್ಟರೂ ಜೋಡಣೆ ಎದ್ದು ಕಾಣುತ್ತದೆ.

70-200ರಲ್ಲಿ ಎಫ್/2.8 ಬೇಡ (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸಿನ ರಂಧ್ರ ದೊಡ್ಡದು). ಒಂದೂವರೆ ಕಿಲೋ ಹೊತ್ತು ಹತ್ತಿ, ಮೇಲೆ ಎಫ್/8ರಲ್ಲೇ ತೆಗೆಯುವುದಾದರೆ ಆ ತೂಕ ಯಾಕೆ? ಎಫ್/4 ಆದರೆ ಎಂಟುನೂರು ಗ್ರಾಂ ಆಸುಪಾಸು. ಉಳಿದ ತೂಕಕ್ಕೆ ನೀರು ತಾ, ತಲೆಗೆ ಎರಡು ಲೀಟರ್.

ಇನ್ನು ಪೋಲರೈಜರ್, ಅಂದರೆ ಹೊಳಪು ಇಳಿಸಿ ಆಕಾಶದ ನೀಲಿಯನ್ನು ಗಾಢ ಮಾಡುವ ಫಿಲ್ಟರಿನ ವಿಷಯ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಆದ್ದರಿಂದ ಹಂಪಿಯ ಕಡೆ ನೋಡುವಾಗ ಬೆಳಕು ಎಡಗಡೆಯಿಂದ, ಕೊಂಚ ಎದುರಿನಿಂದ ಬರುತ್ತದೆ. ಬಂಡೆಗಳ ಉಬ್ಬುತಗ್ಗು ಎದ್ದು ಕಾಣಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಪೋಲರೈಜರ್ ಹೆಚ್ಚು ಕೆಲಸ ಮಾಡುವುದು ಸೂರ್ಯನಿಂದ 90 ಡಿಗ್ರಿಯಲ್ಲಿ. ಅಂದರೆ ದಕ್ಷಿಣಕ್ಕಿಂತ ತುಸು ಪಶ್ಚಿಮಕ್ಕೆ, ಸರಿಯಾಗಿ ನಿನ್ನ ಚಿತ್ರದೊಳಗೇ. ಅಗಲ ಲೆನ್ಸಿಗೆ ಹಾಕಿದರೆ ಆಕಾಶದ ನಡುವೆ ಕಪ್ಪು ನೀಲಿ ಕಲೆ ಮೂಡುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅದು ಚೆನ್ನಾಗಿ ಹೋಗದು. ಫ್ರೇಮ್ ಜೋಡಿಸಿ ಮಾಡುವ ಪನೋರಮಾಕ್ಕೂ ಬೇಡ. ನದಿಯ ಒದ್ದೆ ಬಂಡೆಯ ಹೊಳಪು ಇಳಿಸಲು ಮಾತ್ರ ಅದನ್ನು ಇಟ್ಟುಕೊ.

ಹೊತ್ತು ಮೂಡುವುದು ಸುಮಾರು 6.40ಕ್ಕೆ. ಆರಕ್ಕೆಲ್ಲ ಮೇಲಿರಬೇಕು, ಹಣೆಗೆ ಕಟ್ಟುವ ಟಾರ್ಚ್ ಮರೆಯಬೇಡ. ಮೆಟ್ಟಿಲಿನ ಬಾಗಿಲು ತೆಗೆಯುವ ಹೊತ್ತನ್ನು ಹಿಂದಿನ ಸಂಜೆಯೇ ವಿಚಾರಿಸಿಕೊ. ಶನಿವಾರ ಬೇಡವೇ ಬೇಡ, ಹನುಮಪ್ಪನ ದರ್ಶನಕ್ಕೆ ಜನ ಕಿಕ್ಕಿರಿದಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದರೆ ಮಂಗಗಳು ಕಿತ್ತುಕೊಳ್ಳುತ್ತವೆ. ಫಿಲ್ಟರ್ ಡಬ್ಬಿಯನ್ನೂ ತಿಂಡಿಯೆಂದೇ ತಿಳಿಯುತ್ತವೆ. ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿಡು. ಆಟೋದಲ್ಲಿಟ್ಟರೆ ಬಂಡೆಯ ಮೇಲಿನ ಹೊಂಬಣ್ಣವನ್ನು ಕ್ಯಾಮೆರಾ ತಾನೇ ತೊಳೆದುಬಿಡುತ್ತದೆ. ಹತ್ತು ಗಂಟೆಯ ಮೇಲೆ ಉದ್ದ ಲೆನ್ಸನ್ನು ಒಳಗಿಡು. ಬಂಡೆ ಕಾದು ಗಾಳಿ ನಡುಗತೊಡಗಿದರೆ ದೂರದ ಗೋಪುರ ಎಷ್ಟೇ ಫೋಕಸ್ ಮಾಡಿದರೂ ಮಸುಕೇ.

16-35ಕ್ಕೆ ಒಂದೇ ಒಂದು ಜಾಗ ಇದೆ, ಹಿರೇಬೆಣಕಲ್ಲಿನ ಗುಡ್ಡ. ಶಿಲಾಯುಗ ದಾಟಿದ ಕಾಲದ ಕಲ್ಲುಮನೆಗಳು ಅಲ್ಲಿವೆ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದಂಥವು; ಕೆಲವಕ್ಕೆ ಗುಂಡನೆಯ ಕಂಡಿ. ಅವುಗಳ ಮುಂದೆ ಮಂಡಿಯೂರಿ, 16 ಎಂ.ಎಂ., ಎಫ್/11, ಫೋಕಸ್ 80 ಸೆಂಟಿಮೀಟರಿಗೆ ಇಟ್ಟರೆ ಸುಮಾರು 40 ಸೆಂಟಿಮೀಟರಿನಿಂದ ಹಿಡಿದು ಬೆಟ್ಟದ ಅಂಚಿನವರೆಗೂ ಸ್ಪಷ್ಟ. ಎಫ್/22ಕ್ಕೆ ಹೋಗಬೇಡ, ಬೆಳಕು ಕಿರಿದಾದ ರಂಧ್ರದಲ್ಲಿ ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ದಯಮಾಡಿ ಚಪ್ಪಡಿಗೆ ಟ್ರೈಪಾಡ್ ಕಾಲು ಊರಬೇಡ, ಬ್ಯಾಗನ್ನೂ ಒರಗಿಸಬೇಡ. ಸಾವಿರಾರು ವರ್ಷ ನಿಂತ ಕಲ್ಲು ಅದು.

ಟ್ರೈಪಾಡ್ ಬಿಟ್ಟು ಬರಬೇಡ, ತಲೆ ಸಮೇತ ಒಂದೂವರೆ ಕಿಲೋದ್ದು ಸಾಕು. ಮೊನೆಯ ಕಾಲು ಬೇಡ, ಗ್ರಾನೈಟಿನ ಮೇಲೆ ಜಾರುತ್ತದೆ; ರಬ್ಬರ್ ಹಾಕು. ನಡುಗಂಬ ಎತ್ತಬೇಡ. ಬ್ಯಾಗ್ ತೂಗುಹಾಕಿದರೆ ಅದರ ತಳ ನೆಲಕ್ಕೆ ತಾಗಿರಬೇಕು, ಗಾಳಿಗೆ ತೂಗಾಡಿದರೆ ಇಲ್ಲದ ನಡುಕವನ್ನು ಅದೇ ತರುತ್ತದೆ. ಕುತ್ತಿಗೆ ಪಟ್ಟಿಯನ್ನು ಬಿಚ್ಚಿಡು, ನಡುಕ ತಡೆಯುವ ಸ್ಟೆಬಿಲೈಸೇಶನ್ ಆರಿಸು, ಎರಡು ಸೆಕೆಂಡಿನ ಟೈಮರ್ ಹಾಕು. ಆದರೆ ಇಟಗಿಯ ಮಹಾದೇವ ಗುಡಿಗೋ ಹಂಪಿಯ ಸ್ಮಾರಕಗಳಿಗೋ ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆ. ಡ್ರೋನ್ ಅಂತೂ ಪಟ್ಟಿಯಿಂದ ಹೊಡೆದುಹಾಕು.

ನದಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್, ಆರು ಸ್ಟಾಪಿನದು ಒಂದು ಸಾಕು (ಒಂದೊಂದು ಸ್ಟಾಪೂ ಬೆಳಕನ್ನು ಅರ್ಧಕ್ಕಿಳಿಸುತ್ತದೆ). 1/30 ಸೆಕೆಂಡ್ ಎರಡು ಸೆಕೆಂಡಾಗುತ್ತದೆ, ಬಂಡೆ ಸುತ್ತಿ ಹರಿಯುವ ನೀರಿನ ಎಳೆ ಉಳಿಯುತ್ತದೆ. ಹತ್ತು ಸ್ಟಾಪಿನಲ್ಲಿ ನೀರೆಲ್ಲ ಹಾಲಾಗುತ್ತದೆ, ನನಗದು ಸೇರದು. ತೆಪ್ಪದಲ್ಲಿ ಟ್ರೈಪಾಡ್ ನಿಷ್ಪ್ರಯೋಜಕ, ಅದು ತಿರುಗುತ್ತಲೇ ಇರುತ್ತದೆ. ಶಟರ್ ವೇಗವನ್ನು 1/500 ಸೆಕೆಂಡಿಗಿಂತ ನಿಧಾನ ಮಾಡಬೇಡ. ಡ್ಯಾಮಿನಿಂದ ನೀರು ಬಿಟ್ಟಿದ್ದರೆ ತೆಪ್ಪ ಹತ್ತುವ ಯೋಚನೆಯೇ ಬೇಡ. ಮರಳಿಗಿಳಿದ ಟ್ರೈಪಾಡಿನ ಕಾಲುಗಳನ್ನು ಮಡಚುವ ಮುನ್ನ ಸಿಹಿನೀರಿನಲ್ಲಿ ತೊಳೆದು ಒಣಗಿಸು. ಕಾಳಷ್ಟು ಮರಳು ಒಳಹೊಕ್ಕರೆ ಲಾಕ್ ಕರಕರ ಅನ್ನುತ್ತದೆ, ಆಮೇಲೆ ಹಿಡಿಯುವುದಿಲ್ಲ.

ಗದ್ದೆ ನೀರಿನಲ್ಲಿ ಗುಡ್ಡದ ನೆರಳು ಬೇಕೆಂದಿದ್ದೀಯ. ಡಿಸೆಂಬರಿನಲ್ಲಿ ಕೊಯ್ಲಾಗಿ ಕೂಳೆ ಉಳಿದಿರುತ್ತದೆ. ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಟ್ಟ ವರ್ಷ ಜನವರಿ ಕೊನೆಯ ಹೊತ್ತಿಗೆ ನಾಟಿ ನಡೆಯುತ್ತದೆ. ಅದೇ ಬೇಕಿದ್ದರೆ ತಿಂಗಳು ಮುಂದೂಡು.

ಧೂಳು ಜಾಸ್ತಿ ಇಲ್ಲಿ. ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಲೆನ್ಸ್ ಬದಲಿಸು. ಫಿಲ್ಟರಿಗೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಹೊರಡುವ ಹಿಂದಿನ ದಿನ ಬಿಳಿ ಗೋಡೆಗೆ ಎಫ್/16ರಲ್ಲಿ ಫೋಕಸ್ ತಪ್ಪಿಸಿ ಒಂದು ಚಿತ್ರ ತೆಗೆದು ನೋಡು. ಕರಿ ಚುಕ್ಕೆ ಕಂಡರೆ ಸೆನ್ಸರನ್ನು ಅಲ್ಲೇ ಸ್ವಚ್ಛ ಮಾಡಿಸಿಕೊಂಡು ಬಾ.

ನಿನ್ನ ಗೆಳೆಯ,
ಗಂಗಾವತಿ