ಮೂರು ಕೊಡೆ, ಎರಡು ಕೈ

ಶಿವಮೊಗ್ಗ, ಆಷಾಢದ ಒಂದು ರಾತ್ರಿ

ಸೀನ,

ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ, ಹಾಗಾಗಿ ಅಡಿಕೆ ಲಾರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ. ಇಮೋಜಿ ಪದ ಹೌದೋ ಅಲ್ಲವೋ ಅಂತ ಗೋಪಿ ಸರ್ಕಲ್ಲಿನಲ್ಲಿ ಅವತ್ತು ನಡೆದ ವಾದದಲ್ಲಿ, ಅಲ್ಲ ಅಂದು ಸೋತವನು ನಾನೇ ಅಂತ ಹೇಳಲು ಈ ಕಾಗದ.

2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ನಕ್ಕು ನಕ್ಕು ಕಣ್ಣೀರು ಬಂದ ಮುಖವನ್ನೇ ವರ್ಷದ ಪದ ಅಂದರಲ್ಲ, ನೀನು ಅದನ್ನು ಹಿಡಿದು ಕೂತಿದ್ದೆ. ನಾನು ವಿಭಕ್ತಿ ಹಿಡಿದು ಕೂತಿದ್ದೆ. ಬಸ್ಸು ಕನ್ನಡಕ್ಕೆ ಬಂದು ಬಸ್ಸಿಗೆ, ಬಸ್ಸಿನಲ್ಲಿ ಆಯಿತು. ಇಮೋಜಿಗೆ ಯಾವ ಪ್ರತ್ಯಯ ಹತ್ತುತ್ತದೆ ತೋರಿಸು ಅಂದಿದ್ದೆ. ಅವ್ಯಯ ಮರೆತೇಬಿಟ್ಟಿದ್ದೆ ಮಾರಾಯ. ಅಯ್ಯೋ, ಧೋ, ಚಟಪಟ. ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ಆದರೂ ಪದಗಳೇ.

ನೆನಪಿಸಿದವಳು ಅಮ್ಮ. ಅವಳಿಗೆ ಫೋನಿನಲ್ಲಿ ಅಕ್ಷರ ಒತ್ತಲು ಬರುವುದಿಲ್ಲ. ಹೊಸನಗರದ ಕಡೆಯ ಆ ಮನೆಯಿಂದ, ಕೊಟ್ಟಿಗೆ ಮೂಲೆಯಲ್ಲಿ ಸಿಗ್ನಲ್ ಸಿಕ್ಕಾಗ, ದಿನಾ ಬೆಳಿಗ್ಗೆ ಕೊಡೆ ಕಳಿಸುತ್ತಾಳೆ. ಒಂದು ಕೊಡೆ ಅಂದರೆ ಮಳೆ. ಎರಡು ಅಂದರೆ ಜೋರು ಮಳೆ. ಮೂರು ಬಂದರೆ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಹೊಳವೇ ಆಗಲಿಲ್ಲ, ತೋಟಕ್ಕೆ ಕೊಳೆ ರೋಗ ಬರುತ್ತದೆ ಎನ್ನುವ ಆತಂಕ. ದ್ವಿರುಕ್ತಿ ಅಂದರೆ ಇನ್ನೇನು? 1999ರಲ್ಲಿ ಜಪಾನಿನ ಶಿಗೆತಾಕಾ ಕುರಿಟಾ ಡೊಕೊಮೊ ಕಂಪನಿಗೆ ಮಾಡಿಕೊಟ್ಟ 176 ಚಿತ್ರಗಳಲ್ಲೂ ಮಳೆಗೆ ಕೊಡೆಯೇ ಗುರುತು. ಅಮ್ಮನಿಗೆ ಅದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಹೋದ ತಿಂಗಳು ನಾಲ್ಕು ದಿನ ಮೂರು ಮೂರು ಕೊಡೆ ಬಂದವು. ಐದನೇ ದಿನ ಕೊಡೆಯಿಲ್ಲ, ಜೋಡಿಸಿದ ಎರಡು ಕೈ ಮಾತ್ರ. ನಮಸ್ಕಾರ ಅಂದುಕೊಂಡೆ. ಐದೂ ದಿನ ನನ್ನಿಂದ ಹೋದದ್ದು ಸರಿ ಎನ್ನುವ ಅದೇ ಹೆಬ್ಬೆರಳಿನ ಚಿತ್ರ.

ಭಾನುವಾರ ಊರಿಗೆ ಹೋದರೆ ಅಮ್ಮನ ಬಲಗೈ ಊದಿಕೊಂಡಿದೆ. ಅಂಗಳದ ಹಾವಸೆಯಲ್ಲಿ ಜಾರಿದ್ದಳು. ಯಾಕೆ ಹೇಳಲಿಲ್ಲ ಅಂತ ರೇಗಿದೆ.

"ಹೇಳಿದ್ನಲ್ಲ ಮಗಾ. ಕೈ ಹಾಕಿದ್ದೆ."

ಕೆನಡಾದ ಸಾಸ್ಕಾಚೆವಾನ್‌ನಲ್ಲಿ 2023ರಲ್ಲಿ ಒಂದು ತೀರ್ಪು ಬಂತು. ಅಗಸೆ ಮಾರುವ ಕರಾರಿಗೆ ರೈತನೊಬ್ಬ ಉತ್ತರವಾಗಿ ಕಳಿಸಿದ ಹೆಬ್ಬೆರಳನ್ನು ನ್ಯಾಯಾಲಯ ಸಹಿ ಅಂತಲೇ ಎಣಿಸಿತು. ಅದನ್ನು ಓದಿದ ಮೇಲೆ ನಿದ್ದೆ ಹತ್ತುತ್ತಿಲ್ಲ ಸೀನ. ಆ ಐದು ದಿನ ನಾನು ಯಾವುದಕ್ಕೆ ಸಹಿ ಹಾಕಿದೆ? ಅವಳು ಮಾತಾಡುತ್ತಿದ್ದಳು. ಓದದೆ ಹೆಬ್ಬೆಟ್ಟು ಒತ್ತಿದವನು ನಾನು. ನಿನ್ನ ಅಪ್ಪನಿಗೆ ಹುಷಾರಿಲ್ಲದಾಗ ನೀನು ಬರೆದದ್ದಕ್ಕೂ ಹಾಗೇ ಒತ್ತಿದ್ದೆನೋ ಏನೋ. ಮೇಲಕ್ಕೆ ಸರಿಸಿ ನೋಡಲು ಭಯವಾಗುತ್ತದೆ.

ಇರಲಿ, ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಅಮ್ಮನ ಕೈ ಈಗ ವಾಸಿ. ಹಲಸಿನ ಹಣ್ಣಿನ ಚಿತ್ರವೇ ಇಲ್ಲ ಅಂತ ಅವಳಿಗೆ ಸಿಟ್ಟು. ಮುಳ್ಳಿದೆಯಲ್ಲ ಅಂತ ಅನಾನಸ್ ಹಾಕುತ್ತಾಳೆ. ಈ ಬೆಳಿಗ್ಗೆ ಎರಡು ಕೊಡೆ, ಒಂದು ಅನಾನಸ್ ಬಂತು. ತಕ್ಷಣ ಫೋನ್ ಮಾಡಿದೆ. ಹಲಸಿನ ಹಣ್ಣಿನ ಕಡುಬಂತೆ, ನೀನೂ ಬರಬೇಕಂತೆ.

ಲಾರಿ ಹತ್ತಿಕೊಂಡು ಬರಬೇಡ ಅಂತ ಹೇಳಲು ಹೇಳಿದಳು.

ನಿನ್ನ ಗೆಳೆಯ