ನುಸಿ ಫೋಟೋ ನೋಡಿ ಹೆಸರು ಹೇಳಬೇಡಿ

ಶಿರಸಿ ಕಡೆಯ ಅಡಿಕೆ ಬೆಳೆಗಾರ ಸದಸ್ಯರೇ, ನಮ್ಮ ಗುಂಪಿನಲ್ಲಿ ಎಲೆಯಡಿಯ ನುಸಿ ಫೋಟೋ ಹಾಕಿ ‘ಯಾವ ಜಾತಿ?’ ಎಂದು ಕೇಳುವುದು ಜಾಸ್ತಿ ಆಗಿದೆ. ಮೊಬೈಲ್ ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

ಗುಂಪಾಗಿ ಕೂತಲ್ಲೇ ಕೂತಿರುವ ಕೆಂಪು ನುಸಿ ರಸ ಹೀರುವಂಥದ್ದು. ಪೇರಳೆ ಆಕಾರದ, ಹೊಳೆಯುವ ಚುಕ್ಕಿಯೊಂದು ಲೆನ್ಸ್ ಹಿಡಿದ ಕೂಡಲೇ ಎಲೆಯ ನರದ ಪಕ್ಕ ಸರಸರ ಓಡಿದರೆ ಅದು ರಸ ಹೀರುವ ನುಸಿಯನ್ನು ತಿನ್ನುವ ಬೇಟೆ ನುಸಿ ಇರಬಹುದು, ಫೈಟೋಸೀಡೆ ಕುಟುಂಬದ್ದು. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು.

ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಂದಿನದ್ದು ಸೂಕ್ಷ್ಮದರ್ಶಕದ್ದು. ಬೆಳೆದ ಹೆಣ್ಣನ್ನು ಗಾಜಿನ ಸ್ಲೈಡ್ ಮೇಲೆ ಕೂರಿಸಿ, ಬೆನ್ನಿನ ಫಲಕದ ರೋಮಗಳ ಸಂಖ್ಯೆ, ಉದ್ದ, ಜಾಗ ನೋಡುತ್ತಾರೆ. ಹೊಟ್ಟೆಯೊಳಗಿನ ವೀರ್ಯಕೋಶದ ಆಕಾರವೂ ಬೇಕು. ಇಷ್ಟಾದರೂ ಪಂಡಿತರಲ್ಲೇ ಜಗಳ! ಭಾರತದಲ್ಲೂ ಇರುವ ಲಾಂಗಿಸ್ಪೈನೋಸಸ್ ಎಂಬ ಬೇಟೆ ನುಸಿ ಜಾತಿಯನ್ನೇ ನೋಡಿ. 1952ರಲ್ಲಿ ಇವಾನ್ಸ್ ಎಂಬ ತಜ್ಞರು ಅದಕ್ಕೆ ಮೊದಲು ಹೆಸರಿಟ್ಟಾಗ ಟೈಫ್ಲೋಡ್ರೋಮಸ್ ಕುಲಕ್ಕೆ ಸೇರಿಸಿದರು. ಆಮೇಲೆ ಅಂಬ್ಲಿಸಿಯಸ್ ಆಯಿತು, ಈಗ ನಿಯೋಸಿಯುಲಸ್. ಕುಲ ಬದಲಾದ್ದರಿಂದಲೇ ಪಟ್ಟಿಗಳಲ್ಲಿ ಇವಾನ್ಸ್ ಹೆಸರು ಕಂಸದೊಳಗೆ ಇರುತ್ತದೆ. ಹಳೆ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಬೇರೆ ನುಸಿ ಅಂದುಕೊಳ್ಳಬೇಡಿ.

ಹೆಸರು ಬೇಕೇ ಬೇಕು ಅನ್ನುವವರು ನುಸಿಗಳನ್ನು ತೆಳು ಬ್ರಷ್‌ನಿಂದ ಎತ್ತಿ ಶೇಕಡಾ 70ರ ಆಲ್ಕೋಹಾಲ್‌ನಲ್ಲಿ ಹಾಕಿಡಿ. ಊರು, ಗಿಡ, ತಾರೀಕು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೇ ಇರಲಿ, ಶಾಯಿ ಕರಗುತ್ತದೆ. ಬಾಟಲಿ ನುಸಿ ತಜ್ಞರ ಕೈಗೆ ಹೋಗಬೇಕು, ಗುಂಪಿಗಲ್ಲ.

ಓಡುವ ನುಸಿ ಕಂಡ ಸಸಿಗೆ ಸುಮ್ನೆ ಔಷಧಿ ಹೊಡೆಯಬೇಡಿ. ಪೈರೆಥ್ರಾಯ್ಡ್ ಬಗೆಯ ಕೀಟನಾಶಕ ಅಂತೂ ಬೇಡವೇ ಬೇಡ, ಮೊದಲು ಸಾಯುವುದು ಬೇಟೆ ನುಸಿಯೇ.